ಐದನೇ ಪ್ಲೇಟಿನ ಬೆಂಡು

"ಎಡಕ್ಕೆ ವಾಲ್ಸು. ಇನ್ನೂ ಸ್ವಲ್ಪ. ಹೆದರ್ಬೇಡ ಮಾರಾಯ, ನಿನ್ನ ಹೊಟ್ಟೆಗಿಂತ ಭಾರ ಇಲ್ಲ ಅದು," ಎಂದ ಬೊರ್ನಿ ಕಾಕಾ.

ಲಮ್ಜೆದ್ ಬೈಕನ್ನು ಎಡಕ್ಕೆ ವಾಲಿಸಿ ಅಂಗಡಿಯ ಕಲ್ಲುಗೋಡೆಗೆ ಒರಗಿಸಿದ. ಹಾಗೆ ಒರಗಿಸಿದರೆ ಎಂಜಿನ್ನಿನ ಎಣ್ಣೆಯೆಲ್ಲ ಎಡಕ್ಕೆ ಸರಿಯುತ್ತದೆ. ಬಲಗಡೆಯ ಮುಚ್ಚಳ ತೆಗೆದು ಕ್ಲಚ್ಚು ಬಿಚ್ಚುವಾಗ ತೊಟ್ಟು ಎಣ್ಣೆಯೂ ಚೆಲ್ಲುವುದಿಲ್ಲ. ಬೈಕು ಸುಮ್ಮನೆ ಒರಗಿತು. ಲಮ್ಜೆದನ ಮಂಡಿ ಮಾತ್ರ ಕಟಕ್ಕೆಂದಿತು.

ದಣಿದಿದ್ದ ಅವನು. ಐವತ್ತೊಂಬತ್ತು ವಯಸ್ಸು, ಮೂವತ್ತೈದು ವರ್ಷದ ನೌಕರಿ, ಪೆನ್ಶನ್ನಿಗೆ ಇನ್ನು ಹನ್ನೊಂದು ತಿಂಗಳು. ಐನ್ ಖರ್ರೂಬಿನಂಥ ಬೆಟ್ಟದ ಊರಿನ ಠಾಣೆಗೆ ಮುಖ್ಯಸ್ಥ. ಈ ಕೊನೆಯ ವರ್ಷವನ್ನಾದರೂ ಕಾಡುಹಂದಿ ಬೇಲಿ ಮುರಿದ ದೂರು, ಮದುವೆ ಮನೆಯ ಜಗಳ, ಇಷ್ಟರಲ್ಲೇ ಕಳೆದುಬಿಡಬಹುದು ಎಂದು ಆಸೆಪಟ್ಟಿದ್ದ. ಹಣೆಬರಹಕ್ಕೆ ಹೊಣೆ ಯಾರು, ಕೊಲೆಯೇ ಬಂದು ಬಾಗಿಲಲ್ಲಿ ಕೂತಿತು.

ಎಂಟು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ, ಹೇಸರಗತ್ತೆ ಹೊಡೆಯುವ ಮಬ್ರೂಕ್ ಏಳನೇ ತೋಪಿನ ಕೆಳಗಿನ ಕೊರಕಲಿನಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಮೇಲೆ ತೋಪಿನಲ್ಲಿ ನಲವತ್ತು ಮರಗಳ ತೊಗಟೆಯನ್ನು, ಅಂದರೆ ಸೀಸೆಗೆ ಬಿರಡೆ ಮಾಡುವ ಬೆಂಡನ್ನು, ಯಾರೋ ಸುಲಿದು ಕದ್ದಿದ್ದರು. ಹೆಣದ ಪಕ್ಕದಲ್ಲಿ ಬಿದ್ದಿದ್ದದ್ದು ಈ ಬೈಕು. ಬೈಕು ಅರಣ್ಯ ಕಾವಲುಗಾರ ಹಸೂನಾನದು. "ನನ್ನ ಅಂಗಳದಿಂದ ಯಾರೋ ತಳ್ಕೊಂಡು ಹೋಗಿದಾರೆ" ಎಂದು ಹಸೂನಾ ಬಾಯಿ ಬಾಯಿ ಬಡಿದುಕೊಂಡರೂ ಯಾರೂ ನಂಬಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಅವನನ್ನೂ ಕಡತವನ್ನೂ ಪೇಟೆಗೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಮುಗಿಯಿತು. ಅವನು ಮತ್ತೆ ಈ ಬೆಟ್ಟ ನೋಡುವ ಹೊತ್ತಿಗೆ ಮುದುಕನಾಗಿರುತ್ತಾನೆ.

"ಏನಾಗಿದೆ ಇದಕ್ಕೆ?" ಬೊರ್ನಿ ಕಾಕಾ ಗೋಣಿಚೀಲ ಹಾಸಿಕೊಂಡು ಬೈಕಿನ ಪಕ್ಕ ಕೂತ. ಎಪ್ಪತ್ತರ ಮುದುಕ, ಸುತ್ತಿನ ಹನ್ನೆರಡು ಹಳ್ಳಿಗೆ ಇವನೊಬ್ಬನೇ ಮೆಕ್ಯಾನಿಕ್.

"ಏನೂ ಆಗಿಲ್ಲ. ಅದೇ ನನ್ನ ತಲೆನೋವು."

"ಬಿಡಿಸಿ ಹೇಳು."

"ಮಂಗಳವಾರ ಕೊರಕಲಿನಿಂದ ಇದನ್ನ ಹತ್ತಿಸೋಕೆ ನಾನೇ ಕೂತಿದ್ದೆ ಕಾಕಾ. ಗೇರು ಬೀಳುತ್ತೆ, ಎಂಜಿನ್ನು ಕಿರುಚುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ. ಕ್ಲಚ್ಚು ಸವೆದು ಸತ್ತಿತ್ತು. ನಾಲ್ಕು ಜನ ಹೊತ್ತು ಲಾರಿಗೆ ಹಾಕಿ, ಠಾಣೆ ಹಿಂದಿನ ಕೊಟ್ಟಿಗೇಲಿ ಬೀಗ ಜಡಿದು ಅರಗಿನ ಮೊಹರು ಒತ್ತಿದ್ವಿ. ಪೇಟೆಯವರಿಗೆ ಓಡೋ ಸ್ಥಿತೀಲಿ ಬೇಕಂತೆ, ಅದಕ್ಕೆ ಇವತ್ತು ಮಧ್ಯಾಹ್ನ ಮೊಹರು ಒಡೆದೆ. ಕಿಕ್ಕರ್ ಒದ್ದೆ, ಗೇರಿಗೆ ಹಾಕ್ದೆ. ಹೋರಿಕರು ಥರ ನೆಗೀತು. ಅದರ ಮೇಲೇ ಕೂತ್ಕೊಂಡು ಇಲ್ಲಿಗೆ ಬಂದೆ."

ಕಿಕ್ಕರ್ ಬಿಚ್ಚುತ್ತಿದ್ದ ಬೊರ್ನಿಯ ಕೈ ಒಂದು ಕ್ಷಣ ನಿಂತಿತು.

"ಸತ್ತ ಕ್ಲಚ್ಚು ಬೀಗ ಹಾಕಿದ ಕೊಟ್ಟಿಗೇಲಿ ತಾನೇ ಬದುಕುತ್ತಾ ಕಾಕಾ?"

"ದೇವರು ದೊಡ್ಡವನು," ಎಂದ ಬೊರ್ನಿ, ಪಾನಾದ ಕಡೆ ನೋಡುತ್ತ.

"ಕ್ಲಚ್ ಪ್ಲೇಟಿನ ವಿಷಯಕ್ಕೆ ದೇವರನ್ನ ಎಳೀಬೇಡ. ಅರಣ್ಯದವರು ಹೊಸ ಪ್ಲೇಟಿನ ಡಬ್ಬಿ ಕೊಟ್ಟಿದಾರೆ. ಹಳೇದು ತೆಗಿ, ಹೊಸದು ಹಾಕು. ತೆಗೆದದ್ದನ್ನ ನಾನು ನೋಡ್ಬೇಕು."

ಮಧ್ಯಾಹ್ನ ಮೊಹರು ಒಡೆಯುವಾಗ ನೌಫೆಲ್ ಕೂಡ ಪಕ್ಕದಲ್ಲೇ ಇದ್ದ. ಠಾಣೆಯ ಎರಡನೇ ಅಧಿಕಾರಿ. ಎರಡು ಸಕ್ಕರೆ ಹಾಕಿದ ಕಾಫಿ ಕೈಯಲ್ಲಿ ಹಿಡಿದೇ ಬರುವವನು. "ಇದೆಲ್ಲ ಯಾಕೆ ಸಾಹೇಬ್ರೆ? ನಾಳೆ ಹತ್ತಕ್ಕೆ ಪೇಟೆಯವರ ಪಾಡು. ಮನೆಗೆ ಹೋಗಿ ಮಂಡಿಗೆ ಎಣ್ಣೆ ಹಚ್ಕೊಂಡು ಮಲಗಿ," ಎಂದಿದ್ದ. ಒಳ್ಳೆಯ ಮಾತೇ. ಲಮ್ಜೆದನಿಗೂ ಮಲಗುವ ಆಸೆಯೇ ಇತ್ತು. ಆದರೂ ಬೈಕಿನ ಮೇಲೆ ಕೂತು, "ಬೊರ್ನಿ ಹತ್ರ ಬಿಚ್ಚಿಸಿ ನೋಡ್ಕೊಂಡು ಬರ್ತೀನಿ," ಎಂದು ಹೇಳಿಯೇ ಹೊರಟಿದ್ದ.

ಬೊರ್ನಿ ಕಿಕ್ಕರ್ ತೆಗೆದ, ಬ್ರೇಕಿನ ಪೆಡಲು ತೆಗೆದ, ಮುಚ್ಚಳದ ಸುತ್ತಲಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಬೋಗುಣಿಗೆ ಹಾಕಿದ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಮುಚ್ಚಳ ಬಿಟ್ಟಿತು. ಒಳಗೆ ಎಣ್ಣೆಯಲ್ಲಿ ಮಿಂದ ಕ್ಲಚ್ಚು, ಅದರ ಮೇಲೆ ನಾಲ್ಕು ಸ್ಪ್ರಿಂಗು.

ಎಲ್ಲ ದಿನ ಕೆಲಸ ಮಾಡುತ್ತ ಹಾಡು ಗುನುಗುವ ಮುದುಕ ಇಂದು ಗುನುಗಲಿಲ್ಲ. ಸ್ಪ್ರಿಂಗಿನ ಬೋಲ್ಟುಗಳನ್ನು ಅಡ್ಡಡ್ಡಕ್ಕೆ, ಒಂದನ್ನು ಅರ್ಧ ಸುತ್ತು, ಎದುರಿನದನ್ನು ಅರ್ಧ ಸುತ್ತು, ಹೀಗೆ ಸಡಿಲ ಮಾಡುತ್ತ ಬಂದ. ಕೊನೆಯದಕ್ಕೆ ಬಂದಾಗ ತಲೆಯೆತ್ತಿದ.

"ಒಳಗೆ ಒಲೆ ಮೇಲೆ ಚಹಾ ಇಟ್ಟಿದೀನಿ. ಉಕ್ಕಿ ಹೋಗುತ್ತೆ, ತಗೊಂಡ್ ಬಾ."

ಲಮ್ಜೆದ್ ಒಳಗೆ ಹೋದ. ಚಹಾ ಉಕ್ಕುವುದಿರಲಿ, ಒಲೆಯೇ ಆರಿತ್ತು. ಆರಿದ ಚಹಾವನ್ನೇ ಎರಡು ಲೋಟಕ್ಕೆ ಬಗ್ಗಿಸಿಕೊಂಡು, ಪುದೀನಾ ಎಲೆ ಹಾಕಿ ಹೊರಗೆ ಬಂದಾಗ ಪ್ಲೇಟುಗಳೆಲ್ಲ ಗೋಣಿಯ ಮೇಲೆ ಸಾಲಾಗಿ ಕೂತಿದ್ದವು.

"ನೋಡ್ಕೊ. ಸವೆದಿವೆ. ಅಷ್ಟೇ," ಎಂದ ಬೊರ್ನಿ. "ತಣ್ಣಗಾದಾಗ ಹಳೇ ಕ್ಲಚ್ಚು ಒಂದೊಂದ್ಸಲ ಹಿಡಿಯುತ್ತೆ. ಗಾಡಿಗೂ ಮೂಡು ಅಂತ ಇರುತ್ತಲ್ಲ."

ಲಮ್ಜೆದ್ ಮಂಡಿ ಮಡಚಲಾರದೆ ಬಗ್ಗಿ ನಿಂತು ನೋಡಿದ. ಉಕ್ಕಿನ ಪ್ಲೇಟುಗಳು ನಾಲ್ಕು. ನಾಲ್ಕೂ ನೀಲಿಗಟ್ಟಿದ್ದವು. ಕ್ಲಚ್ಚನ್ನು ಅರ್ಧ ಹಿಡಿದು, ಭಾರ ಹೇರಿಕೊಂಡು ಏರು ಹತ್ತಿಸಿದರೆ ಉಕ್ಕು ಹಾಗೆ ಕಾದು ನೀಲಿಯಾಗುತ್ತದೆ.

"ಇದು ಹಸೂನಾ ಓಡ್ಸಿದ್ದಲ್ಲ," ಎಂದ ಲಮ್ಜೆದ್.

"ನಾನೂ ಅದನ್ನೇ ಅಂದ್ಕೊಂಡೆ." ಬಾಯಿ ತಪ್ಪಿ ಬಂದಿತ್ತು ಮುದುಕನಿಗೆ. ಒಮ್ಮೆ ಹೊರಬಿದ್ದ ಮೇಲೆ ನುಂಗಲು ಬರಲಿಲ್ಲ. "ಆ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಬಿಟ್ರೆ ಏನಿದೆ? ಉಳಿದದ್ದೆಲ್ಲ ಬೆಂಡು ಸುಲಿಯೋ ಕೊಡಲಿಗೆ ಹೋಯ್ತು. ಅವನು ಕ್ಲಚ್ಚು ಹಿಡಿಯೋದೇ ಇಲ್ಲ. ಎಂಜಿನ್ನಿನ ಸದ್ದು ಕೇಳ್ಕೊಂಡೇ ಗೇರು ಹಾಕ್ತಾನೆ. ಹತ್ತು ವರ್ಷ ಓಡ್ಸಿದ್ರೂ ಅವನ ಕೈಲಿ ಪ್ಲೇಟು ಸವೆಯಲ್ಲ."

ಲಮ್ಜೆದ್ ಇನ್ನೊಂದು ಸಾಲನ್ನು ಎಣಿಸಿದ. ಉಜ್ಜುವ ಪದರವಿರುವ ಪ್ಲೇಟುಗಳು. ಒಂದು, ಎರಡು, ಮೂರು, ನಾಲ್ಕು.

ಮತ್ತೆ ಎಣಿಸಿದ. ನಾಲ್ಕೇ.

ಅವನು ಮೆಕ್ಯಾನಿಕ್ ಅಲ್ಲ. ಆದರೆ ಇಂಥದ್ದೇ ಸರಕಾರಿ ಬೈಕಿನ ಮೇಲೆ ಮೂವತ್ತು ವರ್ಷ ಈ ಬೆಟ್ಟ ಸುತ್ತಿದವನು. ಉಜ್ಜುವ ಪ್ಲೇಟು, ಉಕ್ಕಿನ ಪ್ಲೇಟು, ಮತ್ತೆ ಉಜ್ಜುವ ಪ್ಲೇಟು. ಮೊದಲೂ ಕೊನೆಯೂ ಉಜ್ಜುವುದೇ ಇರಬೇಕು. ಬೆರಳು ಐದು, ನಡುವಿನ ಸಂದು ನಾಲ್ಕು. ಲೆಕ್ಕ ಅಷ್ಟು ಸುಲಭ.

"ಕಾಕಾ, ಐದನೇದು ಎಲ್ಲಿ?"

"ಯಾವ ಐದನೇದು?"

"ನನ್ನ ಮುಖ ನೋಡಿ ಹೇಳು."

"ಇದ್ದದ್ದೇ ಇಷ್ಟು. ಯಾವನೋ ಒಂದು ಕಮ್ಮಿ ಹಾಕಿದ್ದಾನೆ."

"ಒಂದು ಕಮ್ಮಿ ಇದ್ರೆ ನಾನು ಇಲ್ಲಿಗೆ ಅದರ ಮೇಲೆ ಹೇಗೆ ಬಂದೆ? ಹಾರ್ಕೊಂಡು?"

ಬೊರ್ನಿಯ ಕಣ್ಣು ಅಪ್ಪಿತಪ್ಪಿ ಎಡಕ್ಕೆ ಹೋಗಿ ಬಂತು. ಅಲ್ಲಿ ಹಳೆಯ ಎಣ್ಣೆ ತುಂಬಿದ ತಗಡಿನ ಡಬ್ಬ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಜೀವನವಿಡೀ ಕಂಡಿದ್ದ ಲಮ್ಜೆದ್, ಚಹಾದ ಲೋಟ ಗೋಡೆಯ ಮೇಲಿಟ್ಟು, ತೋಳು ಮಡಚಿ, ಕರೀ ಎಣ್ಣೆಯೊಳಗೆ ಮೊಣಕೈವರೆಗೆ ಕೈ ಹಾಕಿದ.

ತಳದಲ್ಲಿತ್ತು. ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿದ.

ಐದನೇ ಪ್ಲೇಟು ಉಳಿದವುಗಳಂತಿರಲಿಲ್ಲ. ಸುತ್ತಲೂ ಹಲ್ಲಿನ ಸಾಲಿನಂತೆ ಬೆಂಡಿನ ತುಂಡುಗಳನ್ನು ಕೂರಿಸಲಾಗಿತ್ತು. ಅಂಚು ಕಪ್ಪಾಗಿದ್ದರೂ ತುಂಡುಗಳು ಗಟ್ಟಿಯಾಗಿದ್ದವು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಈ ಬೆಟ್ಟದಲ್ಲಿ ಅದನ್ನು ಮಾಡಬಲ್ಲ ಕೈ ಒಂದೇ ಒಂದು.

ಆ ಕೈ ಅಲ್ಲೇ ಎದುರಿಗೆ ಮಡಿಲಲ್ಲಿ ಎಣ್ಣೆಬಟ್ಟೆಯನ್ನು ಹಿಂಡುತ್ತಿತ್ತು.

"ಒಂದನ್ನ ದಪ್ಪ ಮಾಡಿದ್ರೆ ಉಳಿದ ನಾಲ್ಕೂ ಬಿಗಿಯಾಗುತ್ವೆ," ಎಂದ ಬೊರ್ನಿ ಮೆಲ್ಲಗೆ, ಕೇಳದಿದ್ದರೂ. "ಬೆಂಡು ಕುದಿಸಿ, ಹಸಿ ಇದ್ದಾಗಲೇ ಒತ್ತಿ ಕೂರಿಸ್ಬೇಕು."

"ಯಾಕೆ ಬಚ್ಚಿಟ್ಟೆ ಕಾಕಾ?"

"ಯಾಕೆ ಅಂತ ನೀನು ಕೇಳ್ತೀಯಾ? ನೀನು?"

ಲಮ್ಜೆದ್ ತಲೆ ತಗ್ಗಿಸಿದ. ಬೆಂಡು ಈ ನಾಡಿನಲ್ಲಿ ಸರಕಾರದ ಸ್ವತ್ತು. ಚೀಟಿಯಿಲ್ಲದೆ ಮುಟ್ಟುವ ಹಾಗಿಲ್ಲ. ಮೂವತ್ನಾಲ್ಕು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಒಂದು ಚೀಲ ಬೆಂಡಿನ ಚೂರು ಹಿಡಿದು ಕೇಸು ಬರೆದವನು ಹೊಸ ಸಮವಸ್ತ್ರದ ಉಮೇದಿನಲ್ಲಿದ್ದ ಲಮ್ಜೆದನೇ. ಬೊರ್ನಿಗೆ ಆರು ತಿಂಗಳ ಜೈಲಾಯಿತು. ಅವನ ಮಗಳು ಹುಟ್ಟಿದ್ದು ಅವನು ಒಳಗಿದ್ದಾಗ. ಹೊರಗೆ ಬಂದ ಮೇಲೆ ಅವನೇ ಮೊದಲು ಬಂದು ಲಮ್ಜೆದನ ಕೈ ಕುಲುಕಿದ್ದ. ಆ ಕೈಕುಲುಕು ಇವನಿಗೆ ಇವತ್ತಿಗೂ ಚುಚ್ಚುತ್ತಿತ್ತು.

ಅಂದಿನಿಂದ ಬೊರ್ನಿಯ ಅಂಗಡಿಯಲ್ಲಿ ಉಗುರಿನಷ್ಟು ಬೆಂಡೂ ಇಲ್ಲ. ಸವೆದ ಪ್ಲೇಟಿಗೆ ಬೆಂಡು ಕೂರಿಸಿಕೊಳ್ಳುವ ರೂಢಿ ಮಾತ್ರ ನಿಂತಿಲ್ಲ. ಪೇಟೆಯಿಂದ ಹೊಸದು ತರಿಸುವವರೆಗೆ ಯಾರು ಕಾಯುತ್ತಾರೆ? ಹಾಗಾಗಿ ಗಿರಾಕಿಯೇ ಬೆಂಡು ತರಬೇಕು. ಒಬ್ಬ ಹಳೆಯ ಜೇನುಗೂಡಿನ ಹಲಗೆ ತರುತ್ತಾನೆ, ಇನ್ನೊಬ್ಬ ಅಜ್ಜಿಯ ಕಾಲದ ನೀರಿನ ಬಟ್ಟಲು ತರುತ್ತಾನೆ. ಬೊರ್ನಿ ಕೂರಿಸಿ ಕೊಟ್ಟು, ಉಳಿದ ಪುಡಿಯನ್ನೂ ಪೊಟ್ಟಣ ಕಟ್ಟಿ ವಾಪಸು ಕೊಡುತ್ತಾನೆ.

"ಇದು ಜೇನುಗೂಡಿನ ಬೆಂಡಾ?"

"ಅಲ್ಲ." ಮುದುಕ ಪ್ಲೇಟು ಇಸಿದುಕೊಂಡು ಬಿಸಿಲಿಗೆ ಹಿಡಿದ. ಹೆದರಿಕೆಗಿಂತ ಕಸುಬಿನ ಹೆಮ್ಮೆ ಒಂದು ಗೇಣು ಮೇಲೆ ನಿಂತಿತು. "ಇಲ್ಲಿ ಅಂಚಲ್ಲಿ ನೋಡು. ಅಗಲ ಗೆರೆ, ಅಗಲ ಗೆರೆ, ಆಮೇಲೆ ಕೂದಲೆಳೆ ಥರ ಎರಡು, ಮತ್ತೆ ಅಗಲ. ಮರ ವರ್ಷಕ್ಕೊಂದು ಗೆರೆ ಬೆಂಡು ಬೆಳೆಸುತ್ತೆ. ಆ ಎರಡು ಕೂದಲೆಳೆ, ಹದಿಮೂರು ವರ್ಷದ ಹಿಂದಿನ ಎರಡು ಬರಗಾಲ. ಜೇನುಗೂಡುಗಳೆಲ್ಲ ಬರಕ್ಕಿಂತ ಹಳೇವು. ಬೇರೆ ತೋಪುಗಳನ್ನ ಬರ ಆದ್ಮೇಲೆ ಸುಲಿದು ಹಡಗು ಹತ್ತಿಸಿ ಆಯ್ತು, ಈಗ ಮರದ ಮೇಲಿರೋದು ಆಮೇಲಿನ ಬೆಳೆ. ಬರದ ಗೆರೆ ಇನ್ನೂ ಮರದ ಮೇಲೇ ಉಳಿದಿದ್ದದ್ದು ಒಂದೇ ಕಡೆ."

"ಏಳನೇ ತೋಪು."

"ಗುಡ್ಡ ಕುಸಿದು ತೋಪಿನೊಳಗಿನ ಗಾಡಿ ದಾರಿ ಹೋಯ್ತಲ್ಲ. ಇಲಾಖೆಯವರು ಆ ಕಡೆ ತಿರುಗೇ ನೋಡಲಿಲ್ಲ."

ಲಮ್ಜೆದನಿಗೆ ಬಹಳ ದಿನದ ಮೇಲೆ ಎದೆಯಲ್ಲೇನೋ ಬಿಸಿಯಾಯಿತು. ಕಳ್ಳ ಎಷ್ಟೇ ಜಾಣನಾದರೂ ಈ ಬೆಟ್ಟದವನು. ಪ್ಲೇಟು ಮಾಡಿಸಲು ಹೋಗುವಾಗ ಬೆಂಡು ಒಯ್ಯಬೇಕೆಂಬುದು ಅವನಿಗೆ ಗೊತ್ತು. ಮನೆಯಲ್ಲಿ ಜೇನುಗೂಡು ಹುಡುಕುವ ಬದಲು ಕೈಗೆ ಸಿಕ್ಕ ಕದ್ದ ಬೆಂಡನ್ನೇ ತಂದ. ಬೆಂಡಿಗೆ ಹೆಸರು ಬರೆದಿರುತ್ತದೆಯೇ ಎಂದುಕೊಂಡ. ಬರೆದಿತ್ತು.

"ಯಾವತ್ತು ಮಾಡಿ ಕೊಟ್ಟೆ?"

"ಹೋದ ಗುರುವಾರ."

"ಬೈಕು ಮಂಗಳವಾರದಿಂದ ನನ್ನ ಕೊಟ್ಟಿಗೇಲಿದೆ ಕಾಕಾ."

"ನನಗೇನು ಗೊತ್ತು? ಅವನು ಬರೀ ಪ್ಲೇಟು ತಂದ, ಬಟ್ಟೇಲಿ ಸುತ್ಕೊಂಡು. ಚಿಕ್ಕಪ್ಪನ ಮಗನ ಗಾಡೀದು ಅಂದ. ಈಗ ಮುಚ್ಚಳ ತೆಗೆದ ಮೇಲೇ ನನಗೂ ತಿಳಿದದ್ದು." ಬೊರ್ನಿ ಪ್ಲೇಟನ್ನು ಗೋಣಿಯ ಮೇಲಿಟ್ಟ. "ನಾನು ಒಂದ್ಸಲ ಒಳಗೆ ಹೋಗಿ ಬಂದವನು. ತಂದವನು ಸಮವಸ್ತ್ರದವನು. ಯಾರ ಮಾತು ನಂಬ್ತಾರೆ ಕೋರ್ಟಲ್ಲಿ?"

"ಸಮವಸ್ತ್ರದವನು ಯಾರು?"

ಮುದುಕ ಅವನನ್ನು ಕರುಣೆಯಿಂದ ನೋಡಿದ. ಅದೇ ಲಮ್ಜೆದನಿಗೆ ಮೊದಲು ಗಾಬರಿ ಹುಟ್ಟಿಸಿದ್ದು.

"ನಿನ್ನ ನೌಫೆಲ್."

ಗೋಡೆಯ ಮೇಲಿನ ಚಹಾದ ಲೋಟದಲ್ಲಿ ನೊಣ ಬಿದ್ದಿತ್ತು. ಲಮ್ಜೆದ್ ಅದನ್ನೇ ನೋಡುತ್ತ ನಿಂತ. ನೌಫೆಲ್‌ನನ್ನು ಕೆಲಸಕ್ಕೆ ಸೇರಿಸಿದವನು ತಾನೇ. ಮಕ್ಕಳಿಲ್ಲದ ತನ್ನ ಮನೆಗೆ ಪ್ರತಿ ಶುಕ್ರವಾರ ಕುಸ್ಕುಸ್ ಉಣ್ಣಲು ಬರುವವನು ನೌಫೆಲ್. ಕೊಟ್ಟಿಗೆಯ ಬೀಗದ ಕೈ ನೌಫೆಲ್‌ನ ಸೊಂಟದಲ್ಲಿ, ಮೊಹರಿನ ಅಚ್ಚು ನೌಫೆಲ್‌ನ ಮೇಜಿನಲ್ಲಿ. ಉಳಿದ ಬೆಂಡಿನ ಹೊರೆಗಳನ್ನು ಇಳಿಸಲು ಆ ದಾರಿಗೆ ಹೇಸರಗತ್ತೆ ಬೇಕು, ಇಲ್ಲವೇ ಇಂಥ ಸಣ್ಣ ಬೈಕು ಬೇಕು. ರಾತ್ರಿ ಕೊಟ್ಟಿಗೆಯಿಂದ ತೆಗೆದು, ಬೆಳಗಾಗುವುದರೊಳಗೆ ಮತ್ತೆ ಮೊಹರು ಒತ್ತಿಟ್ಟ ಬೈಕನ್ನು ಯಾರು ಹುಡುಕುತ್ತಾರೆ? ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿ ನೆಟ್ಟವನು ತಾನೇ.

ಬೊರ್ನಿ ಹತ್ರ ಬಿಚ್ಚಿಸಿ ನೋಡ್ಕೊಂಡು ಬರ್ತೀನಿ. ಅದನ್ನು ನೌಫೆಲ್‌ನ ಮುಖಕ್ಕೇ ಹೇಳಿ ಬಂದಿದ್ದೆನಲ್ಲ!

ಫೋನಿಗೆ ಸಿಗ್ನಲ್ಲು ಸಿಗುವುದು ಅಂಜೂರದ ಮರದ ಬುಡದಲ್ಲಿ ಮಾತ್ರ. ಲಮ್ಜೆದ್ ಕುಂಟುತ್ತ ಓಡಿ, ಗುಂಡಿಗಳು ಅಳಿಸಿಹೋದ ತನ್ನ ಹಳೆಯ ಫೋನಿನಲ್ಲಿ ಠಾಣೆಗೆ ಕರೆಮಾಡಿದ. ಕಾನ್‌ಸ್ಟೇಬಲ್ ತೌಫೀಕ್ ಎತ್ತಿದ.

"ಹಸೂನಾ ಎಲ್ಲಿ?"

"ಹೊರಟ್ರಲ್ಲ ಸಾಹೇಬ್ರೆ. ನೌಫೆಲ್ ಅವರು ಜೀಪಲ್ಲಿ ಪೇಟೆಗೆ ಕರ್ಕೊಂಡು ಹೋದ್ರು. ಇಪ್ಪತ್ತು ನಿಮಿಷ ಆಯ್ತು. ಇವತ್ತೇ ಒಪ್ಪಿಸೋಕೆ ನೀವೇ ಹೇಳಿದ್ರಂತೆ."

"ಜೊತೆಗೆ ಯಾರು?"

"ಯಾರೂ ಬೇಡ ಅಂದ್ರು. ಮೇಲಿನ ಕಾಡು ರಸ್ತೆ ಹಿಡಿದ್ರು."

ಕಾಡು ರಸ್ತೆ, ಒಬ್ಬ ಕೈದಿ, ಒಂದು ಪಿಸ್ತೂಲು. ವರದಿಯ ಒಕ್ಕಣೆ ಅವನಿಗೆ ಬಾಯಿಪಾಠ: ಆರೋಪಿ ತಪ್ಪಿಸಿಕೊಂಡು ಓಡಲು ಯತ್ನಿಸಿದಾಗ. ಸತ್ತವನ ಮೇಲೆ ಕಡತ ಮುಚ್ಚುತ್ತದೆ. ಆಮೇಲೆ ಕ್ಲಚ್ಚಿನೊಳಗೆ ಏನಿತ್ತೆಂದು ಯಾರೂ ಕೇಳುವುದಿಲ್ಲ.

"ಪೇಟೆ ಠಾಣೆಗೆ ಫೋನ್ ಮಾಡು. ಆ ಕಡೆಯಿಂದ ಏಳನೇ ತೋಪಿನ ತಿರುವಿಗೆ ಗಾಡಿ ಕಳಿಸೋಕೆ ಹೇಳು."

"ಅಲ್ಲಿಂದ ಒಂದೂವರೆ ಗಂಟೆ ಆಗುತ್ತೆ ಸಾಹೇಬ್ರೆ. ಏನಾಯ್ತು?"

"ಮಾಡು ಅಂದ್ರೆ ಮಾಡೋ!"

ಠಾಣೆಗಿದ್ದದ್ದು ಒಂದೇ ಜೀಪು. ಅದು ಸುತ್ತಿ ಬಳಸಿ ಏಳನೇ ತೋಪಿನ ತಿರುವಿಗೆ ಬರಲು ಒಂದು ಗಂಟೆ ಬೇಕು. ಬೊರ್ನಿಯ ಅಂಗಡಿಯ ಹಿಂದಿನಿಂದ ನೇರ ಏರುವ ಹೇಸರಗತ್ತೆ ದಾರಿಯಲ್ಲಿ ಈ ಬೈಕಿಗೆ ಇಪ್ಪತ್ತೇ ನಿಮಿಷ.

"ಹೊಸ ಪ್ಲೇಟು ಹಾಕು ಕಾಕಾ. ಬೇಗ. ಹಸೂನಾನ್ನ ಕೊಲ್ಲೋಕೆ ಕರ್ಕೊಂಡು ಹೋಗಿದಾನೆ."

ಬೊರ್ನಿ ಡಬ್ಬಿ ಹರಿದು, ಹೊಸ ಪ್ಲೇಟೊಂದನ್ನು ಎಣ್ಣೆಯಲ್ಲಿ ಅದ್ದಿ, ಕ್ಲಚ್ಚಿನ ಬುಟ್ಟಿಗೆ ಇಳಿಸಲು ನೋಡಿದ. ಇಳಿಯಲಿಲ್ಲ. ತಿರುಗಿಸಿದ. ಇಳಿಯಲಿಲ್ಲ. ಎರಡನೆಯದನ್ನು ನೋಡಿದ. ಹಲ್ಲುಗಳು ಅಕ್ಕಿಕಾಳಿನಷ್ಟು ಹೆಚ್ಚು ಅಗಲ.

"ಬೇರೆ ಗಾಡೀದು," ಎಂದ. "ದೊಡ್ಡ ಗಾಡೀದು ಕೊಟ್ಟು ಕಳಿಸಿದಾರೆ. ಅರದಿಂದ ಉಜ್ಜಿದ್ರೆ ಎರಡು ಗಂಟೆ."

ಕೈಗೆ ಬಂದ ತುತ್ತು ಬಾಯಿಗಿಲ್ಲ. ಇಬ್ಬರ ಕಣ್ಣೂ ಒಂದೇ ಸಲ ಐದನೇ ಪ್ಲೇಟಿನ ಮೇಲೆ ಹೋಯಿತು.

"ಏರು ಹತ್ತಿದ್ರೆ ಸುಟ್ಟು ಹೋಗುತ್ತೆ ಲಮ್ಜೆದ್. ಆಗಲೇ ಅರ್ಧ ಕರಕಲಾಗಿದೆ."

"ಎರಡು ತುಂಡು ಕಿತ್ತು ಜೇಬಲ್ಲಿ ಇಟ್ಕೊಂಡ್ರೆ?"

ಕೇಳಿದವನಿಗೇ ಉತ್ತರ ಗೊತ್ತಿತ್ತು. ಈ ಕಾಡಿನಲ್ಲಿ ಬೆಂಡಿನ ಚೂರು ಯಾರ ಜೇಬಿನಲ್ಲಿಲ್ಲ? ಮೊಹರು ಒತ್ತಿದ ಬೈಕಿನ ಹೊಟ್ಟೆಯೊಳಗೆ, ಪ್ಲೇಟಿಗೆ ಕೂತ ಹಾಗೇ ಇದ್ದರೆ ಅದು ಸಾಕ್ಷಿ. ಜೇಬಿಗೆ ಬಂದರೆ ಬರೀ ಕಸ. ಉಳಿಯುವುದು ಜೈಲಿಗೆ ಹೋಗಿ ಬಂದ ಮುದುಕನೊಬ್ಬನ ಮಾತು.

ಪ್ಲೇಟು ಕೈಯಲ್ಲಿದ್ದರೆ ನೌಫೆಲ್ ಜೈಲಿಗೆ ಹೋಗುತ್ತಾನೆ, ಹಸೂನಾ ಗೋರಿಗೆ ಹೋಗುತ್ತಾನೆ. ಪ್ಲೇಟು ಬೈಕಿಗೆ ಹೋದರೆ ಹಸೂನಾ ಒಂದು ವೇಳೆ ಬದುಕಬಹುದು, ಬದುಕಿ ಕೊಲೆಗಾರನೆನಿಸಿಕೊಂಡು ಕೊಳೆಯಬಹುದು.

ಎಷ್ಟು ದಣಿವಾಯಿತೆಂದರೆ, ಅಲ್ಲೇ ಗೋಣಿಯ ಮೇಲೆ ಮಲಗಿಬಿಡೋಣ ಎನ್ನಿಸಿತು ಲಮ್ಜೆದನಿಗೆ.

"ಹಾಕು ಕಾಕಾ," ಎಂದ.

ಬೊರ್ನಿ ಪ್ಲೇಟುಗಳನ್ನು ಒಂದೊಂದಾಗಿ ಬುಟ್ಟಿಗೆ ಇಳಿಸಿದ. ಉಜ್ಜುವುದು, ಉಕ್ಕು, ಉಜ್ಜುವುದು, ಉಕ್ಕು, ಕೊನೆಗೆ ಬೆಂಡಿನದು. ಸ್ಪ್ರಿಂಗು ಕೂರಿಸಿ, ಅಡ್ಡಡ್ಡಕ್ಕೆ ಬಿಗಿದು, ಮುಚ್ಚಳಕ್ಕೆ ಮೂರೇ ಬೋಲ್ಟು ಹಾಕಿದ. ಕಿಕ್ಕರ್ ಸಿಕ್ಕಿಸಿದ. ಒಟ್ಟು ಹನ್ನೆರಡು ನಿಮಿಷ.

"ಕೇಳು, ಹಸೂನಾ ಓಡ್ಸೋ ಹಾಗೆ ಓಡ್ಸು," ಎಂದ ಹ್ಯಾಂಡಲ್ ಹಿಡಿದುಕೊಂಡು. "ಹೊರಟ ಮೇಲೆ ಕ್ಲಚ್ಚು ಮುಟ್ಟಲೇಬೇಡ. ಗೇರು ಬದಲಾಯ್ಸುವಾಗ ಎಕ್ಸಿಲೇಟರ್ ಬಿಟ್ಟು ಕಾಲಲ್ಲಿ ಒತ್ತು, ಅಷ್ಟೇ. ಮುಟ್ಟದಿದ್ರೆ ಬೆಂಡು ಉಳಿಯುತ್ತೆ. ಮುಟ್ಟಿದ್ಯೋ, ಹೋಯ್ತು."

"ಕಾಕಾ, ಆ ಆರು ತಿಂಗಳು..."

"ಹೋಗೋ ಮಾರಾಯ, ಅದಕ್ಕೆ ಇದು ಹೊತ್ತಾ!"

ಲಮ್ಜೆದ್ ಹೊರಟ. ದಾರಿಯೆಂದರೆ ಹೇಸರಗತ್ತೆಗಳ ಗೊರಸು ಸವೆಸಿದ ಗೀರು. ಒಂದು ಕಡೆ ಮರ, ಒಂದು ಕಡೆ ಇಳಿಜಾರು. ತೊಗಟೆ ಸುಲಿದ ಮರಗಳ ಕೆಂಪು ಬುಡಗಳು ಪಕ್ಕದಲ್ಲಿ ಹಾದುಹೋದವು. ಎಡಗೈಯ ಬೆರಳುಗಳನ್ನು ಹ್ಯಾಂಡಲಿಗೆ ಬಿಗಿಯಾಗಿ ಸುತ್ತಿ ಹಿಡಿದ. ಎಂಜಿನ್ನಿನ ಸದ್ದು ಕೇಳುತ್ತ, ಎಕ್ಸಿಲೇಟರ್ ಬಿಟ್ಟು, ಕಾಲಿನಿಂದ ಒತ್ತಿ ಎರಡನೇ ಗೇರು ಹಾಕಿದ. ಬಿತ್ತು. ಮತ್ತೆ ಒಂದಕ್ಕೆ ಇಳಿಸಿದ. ಅದೂ ಬಿತ್ತು. ಮೂರು ಭಾಗ ಏರು ಹಾಗೆಯೇ ಮುಗಿಯಿತು. ಉಳಿಯುತ್ತೆ, ಉಳಿಯುತ್ತೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದ.

ಕೊನೆಯ ತಿರುವಿನಲ್ಲಿ ಮಳೆಗಾಲದ ನೀರು ಕೊರೆದ ಹಳ್ಳ. ಮುಂದಿನ ಚಕ್ರ ಹಾರಿತು, ಹಿಂದಿನದು ಸಿಕ್ಕಿಕೊಂಡಿತು. ಎಂಜಿನ್ನು ಇನ್ನೇನು ನಿಲ್ಲಬೇಕು. ಮೂವತ್ತು ವರ್ಷದ ಅಭ್ಯಾಸ ತಲೆಯನ್ನು ಕೇಳಿ ಬರುವುದಿಲ್ಲ. ಎಡಗೈ ತಾನಾಗಿ ಕ್ಲಚ್ಚು ಅರ್ಧ ಹಿಡಿಯಿತು, ಬಲಗೈ ಎಕ್ಸಿಲೇಟರ್ ಪೂರ್ತಿ ತಿರುವಿತು.

ಬೈಕು ಅರಚುತ್ತ ಹಳ್ಳದಿಂದ ಮೇಲೆ ಬಂತು. ಅದರ ಜೊತೆಗೆ ವಾಸನೆಯೂ ಬಂತು. ಸುಟ್ಟ ಬೆಂಡಿನ ಘಾಟು.

"ಅಯ್ಯೋ ನನ್ನ ಕೈ ಸುಡ," ಎಂದ ಲಮ್ಜೆದ್.

ನೆತ್ತಿಗೆ ಮೂವತ್ತು ಮಾರು ಇರುವಾಗ ಎಂಜಿನ್ನು ಕಿರುಚುತ್ತಲೇ ಇತ್ತು, ಚಕ್ರ ನಿಂತಿತು. ಮಂಗಳವಾರ ನಿಂತ ಹಾಗೆಯೇ. ಬೈಕನ್ನು ತಳ್ಳುತ್ತ, ಮಂಡಿ ಎಳೆಯುತ್ತ ರಸ್ತೆಯ ಅಂಚಿಗೆ ಬಂದು ನೋಡಿದ.

ಏಳನೇ ತೋಪಿನ ತಿರುವಿನಲ್ಲಿ ಜೀಪು ನಿಂತಿತ್ತು. ಎರಡೂ ಬಾಗಿಲು ತೆರೆದಿದ್ದವು. ಅದರ ಮುಂದೆ ಇಬ್ಬರು. ಒಬ್ಬ ರಸ್ತೆಯ ಮೇಲೆ ಮಂಡಿಯೂರಿ ಕೂತಿದ್ದ, ಇನ್ನೊಬ್ಬ ಅವನ ಹಣೆಗೆ ಪಿಸ್ತೂಲು ಹಿಡಿದಿದ್ದ.

ತಡವಾಗಲಿಲ್ಲ ಎಂದುಕೊಂಡ. ಇನ್ನೂ ನಾಲ್ಕು ಹೆಜ್ಜೆ ಇಟ್ಟ ಮೇಲೆ ಕಣ್ಣಿಗೆ ಸರಿಯಾಗಿ ಕಂಡಿತು.

ಮಂಡಿಯೂರಿದ್ದವನು ನೌಫೆಲ್.

ಪಿಸ್ತೂಲು ಹಸೂನಾನ ಬಲಗೈಯಲ್ಲಿತ್ತು. ಕೈಕೋಳ ಆ ಮಣಿಕಟ್ಟಿನಿಂದಲೇ ಜೋತಾಡುತ್ತಿತ್ತು. ಎರಡೇ ಬೆರಳಿನ ಎಡಗೈಯನ್ನು ಯಾವ ಕೋಳ ತಾನೇ ಹಿಡಿದೀತು? ಅದನ್ನು ನೌಫೆಲ್ ಮರೆತಿದ್ದ.

"ಹತ್ರ ಬರ್ಬೇಡಿ ಸಾಹೇಬ್ರೆ!" ಹಸೂನಾನ ದನಿ ಒಡೆದಿತ್ತು. "ಓಡು ಅಂದ ಇವನು. ಹಿಂದಿನಿಂದ ಹೊಡೆಯೋಕೆ ಓಡು ಅಂದ. ಹೇಗಿದ್ರೂ ನಾನು ಕೊಲೆಗಾರನೇ ಅಲ್ವಾ? ನೀವೇ ಬರ್ದಿದೀರಲ್ಲ? ಮಾಡದ್ದಕ್ಕೆ ಹೋಗೋ ಬದಲು ಮಾಡೇ ಹೋಗ್ತೀನಿ."

"ಬೇಡ ಕಣೋ ಹಸೂನಾ. ಇಳ್ಸು ಅದನ್ನ. ನೀನು ಮಾಡಿಲ್ಲ ಅಂತ ಗೊತ್ತಾಗಿದೆ ನನಗೆ. ಮಬ್ರೂಕ್‌ನ ಕೊಂದವನು ಇವನೇ. ಸಾಕ್ಷಿ ಸಿಕ್ಕಿದೆ."

ಪಿಸ್ತೂಲಿನ ಮೂತಿ ಒಂದು ಬೆರಳಿನಷ್ಟು ಕೆಳಗಿಳಿಯಿತು.

ಆಗ ನೌಫೆಲ್ ಮೂಗೆತ್ತಿ ಗಾಳಿಯನ್ನು ಮೂಸಿದ. ಆರು ದಿನದಿಂದ ಸುಟ್ಟ ಬೆಂಡಿನ ಆ ವಾಸನೆ ಅವನ ಮೈಗೇ ಅಂಟಿತ್ತು. ಗುರುತಿಸಲು ಹೊತ್ತು ಹಿಡಿಯಲಿಲ್ಲ. ಅವನ ಕಣ್ಣು ಲಮ್ಜೆದನನ್ನು ದಾಟಿ ಹಿಂದೆ ನಿಂತ ಬೈಕಿನ ಮೇಲೆ ಹೋಯಿತು. ಹಣೆಗೆ ಪಿಸ್ತೂಲಿದ್ದರೂ ಅವನು ಮೆಲ್ಲಗೆ ನಕ್ಕ.

"ಸಾಕ್ಷಿ ಎಲ್ಲಿದೆ ಅಂತ ಕೇಳು ಹಸೂನಾ," ಎಂದ.

ಹಸೂನಾ ಕಣ್ಣು ಕದಲಿಸಲಿಲ್ಲ.

"ಎಲ್ಲಿದೆ ಸಾಹೇಬ್ರೆ? ತೋರ್ಸಿ."

ಲಮ್ಜೆದ್ ತಿರುಗಿ ನೋಡಿದ. ಬೈಕಿನ ಬಲಗಡೆಯ ಮುಚ್ಚಳದ ಸಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದರ ಜೊತೆಗೆ ಕಪ್ಪು ಹೊಗೆಯ ಒಂದು ಎಳೆ ಏಳುತ್ತಿತ್ತು.